ಲಕ್ಕುಂಡಿ ಕಡೆ ಹಳೆ ಮಾಳಿಗಿ ಮನ್ಯಾಗ ಯೂತ್ ಹಾಸ್ಟೆಲ್: 16 ಹಾಸಿಗಿ ಹಾಕಿದ್ರ ನಡೀತೈತೇನ್ರಿ?

ತೊಲಿಜಂತಿ, ಗದಗ

ಎಲ್ಲಾರಿಗೂ ನಮಸ್ಕಾರ್ರಿ. ಲಕ್ಕುಂಡಿ ಊರೊಳಗ ಒಂದು ಹಳೆ ಮಾಳಿಗಿ ಮನಿ (ತೊಲಿ, ಜಂತಿ ಮ್ಯಾಲೆ ಮಣ್ಣು ಹಾಕಿದ ಚಾವಣಿ ಮನಿ) ಖಾಲಿ ಐತಿ. ನಾಲ್ಕು ಮಂದಿ ಸೇರಿ ಅದನ್ನ ಯೂತ್ ಹಾಸ್ಟೆಲ್ ಮಾಡಬೇಕಂತ ಮಾಡೀವಿ. ಪಡಸಾಲಿ 30 ಅಡಿ ಉದ್ದ, 16 ಅಡಿ ಅಗಲ. ಅದರ ಹಿಂದ 12ಕ್ಕ 16ರ ಎರಡು ಖೋಲಿ, ಅಡಗಿಮನಿ, ಬಚ್ಚಲ, ಆಮ್ಯಾಲೆ ಹಿತ್ತಲ. ಹಿತ್ತಲದಾಗ ಜಾಗಾ ಸಾಕಷ್ಟು ಐತಿ. ತೊಲಿ ಕೆಳಗಿಂದ ನೆಲಕ್ಕ 8 ಅಡಿ 6 ಇಂಚು.

ವಿಚಾರ ಏನಂದ್ರ, ಹಂಪಿ, ಗೋಕರ್ಣದ ಕಡೆ ಇರ್ತಾವಲ್ಲ, ಹಂಗ ಒಂದರ ಮ್ಯಾಲೊಂದು ಮಂಚ ಹಾಕಿ ಎರಡೂ ಖೋಲಿಗೆ ಎಂಟೆಂಟು, ಒಟ್ಟು 16 ಹಾಸಿಗಿ ಮಾಡೋದು. ಪಡಸಾಲಿ ಕುಂತು ಹರಟಿ ಹೊಡಿಯಾಕ. ಗುಡಿ, ಬಾವಿ ನೋಡಾಕ ಬರೋರು, ಹಂಪಿಗೆ ಹೋಗೋ ದಾರ್‍ಯಾಗ ಇಳಿಯೋರು, ಮಾಗಡಿ ಕೆರಿಗೆ ಹಕ್ಕಿ ನೋಡಾಕ ಬರೋರು ಗಿರಾಕಿ ಅಂತ ಲೆಕ್ಕ. ಊರಾಗ ಹಿರ್‍ಯಾರಿಗೆ ಹೇಳಿದ್ರ "ಹಾಸ್ಟೆಲ್ಲಾ? ಯಾವ ಕಾಲೇಜಿಂದು?" ಅಂತಾರ. ನಳದ ನೀರು ಎಂಟು ಹತ್ತು ದಿವಸಕ್ಕೊಮ್ಮೆ ಬರ್ತೈತಿ. ಮೊದಲ ಯಾವ ಕಡೆಯಿಂದ ಕೈ ಹಾಕಬೇಕು, ಎಲ್ಲಿ ಸಿಕ್ಕೊಂತೀವಿ, ತಿಳಿದವರು ಹೇಳ್ರಿ.


ಹಳೇಹುಬ್ಬಳ್ಳಿ ಸೈಕಲ್

ಊರ ಹಿರಿಯರು ಕೇಳಿದ್ದು ಸರಿಯಾಗೇ ಇದೆ. ನಮ್ಮ ಕಡೆ ಹಾಸ್ಟೆಲ್ ಅಂದರೆ ಮಠದ ಪ್ರಸಾದ ನಿಲಯ, ಬಿಸಿಎಂ ಹಾಸ್ಟೆಲ್, ಧಾರವಾಡದ ಕಾಲೇಜು ಹಾಸ್ಟೆಲ್. ಜೂನ್‌ನಲ್ಲಿ ಟ್ರಂಕು ಇಳಿಸಿದವರು ಏಳುವುದು ಏಪ್ರಿಲ್‌ಗೆ. ಯೂತ್ ಹಾಸ್ಟೆಲ್ ಹಾಗಲ್ಲ, ನಮ್ಮ ಧರ್ಮಶಾಲೆಯ ಜಾತಿಯದು. ಒಂದು ರಾತ್ರಿ, ಹೆಚ್ಚೆಂದರೆ ಮೂರು ರಾತ್ರಿ. ಊರಲ್ಲಿ ಹೇಳುವಾಗ "ಹುಡುಗರ ಧರ್ಮಶಾಲೆ, ಆದರೆ ಬಾಡಿಗೆ ಉಂಟು" ಅನ್ನಿ, ತಟ್ಟನೆ ತಿಳಿಯುತ್ತದೆ.

ಆದರೆ ನೀವು ಹೇಳುತ್ತಿರುವ ಹಂಪಿ ಮಾದರಿಯೂ ಯೂತ್ ಹಾಸ್ಟೆಲ್ ಅಲ್ಲ. ಅದು ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬೊಬ್ಬರೇ ತಿರುಗುವವರ ಬ್ಯಾಕ್‌ಪ್ಯಾಕರ್ ಹಾಸ್ಟೆಲ್. ಎರಡಕ್ಕೂ ಮಂಚ ಒಂದೇ ಥರ ಕಂಡರೂ ಲೆಕ್ಕ ಬೇರೆ. ನಿಮ್ಮ 16 ಹಾಸಿಗೆ ನಡೆಯುತ್ತದೋ ಇಲ್ಲವೋ ಎನ್ನುವುದು ಈ ವ್ಯತ್ಯಾಸದ ಮೇಲೇ ನಿಂತಿದೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

1909ರ ಆಗಸ್ಟ್ 26. ಜರ್ಮನಿಯ ಆಲ್ಟೆನಾ ಊರಿನ ಶಾಲಾ ಮಾಸ್ತರ ರಿಚರ್ಡ್ ಶಿರ್ಮನ್ ತಮ್ಮ ಹುಡುಗರನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದೊಯ್ದಿದ್ದರು. ಬ್ರೋಲ್ ಕಣಿವೆಯಲ್ಲಿ ಗುಡುಗು ಮಳೆ ಹಿಡಿಯಿತು. ಒಂದು ಹಳ್ಳಿ ಶಾಲೆಯ ಕೋಣೆಯಲ್ಲಿ ಹುಲ್ಲು ಹಾಸಿ ಹುಡುಗರನ್ನು ಮಲಗಿಸಿದರು. ಆ ರಾತ್ರಿ ಮಾಸ್ತರರಿಗೆ ಹೊಳೆದದ್ದು ಇಷ್ಟೇ: ರಜೆಯಲ್ಲಿ ಊರೂರಿನ ಶಾಲೆ ಖಾಲಿ ಬಿದ್ದಿರುತ್ತದೆ, ಒಂದು ದಿನದ ನಡಿಗೆಗೆ ಒಂದರಂತೆ ಇಂಥ ಕೋಣೆಗಳು ಸಿಕ್ಕಿದರೆ ಕಾರ್ಖಾನೆ ಊರಿನ ಬಡ ಮಕ್ಕಳೂ ದೇಶ ನೋಡಬಹುದು. ಮೊದಲು ತಮ್ಮ ಶಾಲೆಯಲ್ಲೇ ಪ್ರಯೋಗ ಮಾಡಿದರು, ಆಮೇಲೆ 1912ರ ಹೊತ್ತಿಗೆ ಆಲ್ಟೆನಾ ಕೋಟೆಯಲ್ಲಿ ಕಾಯಂ ಹಾಸ್ಟೆಲ್ ಬಂತು. ಆ ಹಳೆಯ ಮಲಗುವ ಕೋಣೆಗಳನ್ನು ಈಗಲೂ ಕೋಟೆಯಲ್ಲಿ ವಸ್ತುಸಂಗ್ರಹಾಲಯವಾಗಿ ಇಟ್ಟುಕೊಂಡಿದ್ದಾರೆ.

ಇಲ್ಲಿ ಗಮನಿಸಬೇಕಾದ್ದು: ಗಿರಾಕಿ ಒಬ್ಬೊಂಟಿ ಪ್ರವಾಸಿ ಅಲ್ಲ, ಮಾಸ್ತರರ ಜತೆ ಬಂದ ಮಕ್ಕಳ ಗುಂಪು. ಕಟ್ಟಡ ಹೊಸದಲ್ಲ, ಇದ್ದದ್ದೇ. ಹಾಸಿಗೆ ಎಂದರೆ ಹುಲ್ಲು ತುಂಬಿದ ಚೀಲ, ಬೆಳಗ್ಗೆ ಎತ್ತಿಟ್ಟರೆ ಜಾಗ ಮತ್ತೆ ಖಾಲಿ. ಒಂದೇ ಮನೆಯಲ್ಲ, ಮನೆಗಳ ಸಾಲು. 1919ರಲ್ಲಿ ಜರ್ಮನಿಯಲ್ಲಿ ರಾಷ್ಟ್ರೀಯ ಸಂಘ ಆಯಿತು, 1930ರ ದಶಕದ ಆರಂಭಕ್ಕೆ ಅಲ್ಲಿ 2000 ಮಿಕ್ಕಿ ಹಾಸ್ಟೆಲ್ ಇದ್ದವು. 1932ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 11 ಸಂಘಗಳು ಕೂಡಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಮರುವರ್ಷವೇ ನಾಜಿಗಳು ಜರ್ಮನಿಯ ಸಂಘವನ್ನು ಹಿಟ್ಲರ್ ಯುವಪಡೆಯ ಕೈಗೆ ಕೊಟ್ಟರು, 1936ರಲ್ಲಿ ಶಿರ್ಮನ್ ಒಕ್ಕೂಟದ ಅಧ್ಯಕ್ಷತೆಯನ್ನೂ ಬಿಡಬೇಕಾಯಿತು. ಹುಡುಗರು ಒಟ್ಟಿಗೆ ಮಲಗಿ ಏಳುವ ಜಾಗದ ಮೇಲೆ ಸರ್ಕಾರಗಳಿಗೆ ಕಣ್ಣು ಬೀಳುವುದು ಅಚ್ಚರಿಯಲ್ಲ ಬಿಡಿ.

ಇಂಗ್ಲೆಂಡ್‌ನ ಸಂಘ 1930ರದು. ರಾತ್ರಿಗೆ ಒಂದು ಶಿಲಿಂಗ್. ನಡೆದು ಬಾ, ಸೈಕಲ್ ಮೇಲೆ ಬಾ, ಮೋಟಾರಿನಲ್ಲಿ ಬಂದರೆ ಜಾಗವಿಲ್ಲ. ಹಗಲು ಬಾಗಿಲು ಹಾಕಿರುತ್ತಿತ್ತು, ರಾತ್ರಿ ಹೊತ್ತಿಗೆ ಸರಿಯಾಗಿ ದೀಪ ಆರುತ್ತಿತ್ತು, ಬೆಳಗ್ಗೆ ಹೊರಡುವ ಮುಂಚೆ ಕಸ ಗುಡಿಸುವುದೋ ಪಾತ್ರೆ ತೊಳೆಯುವುದೋ ಒಂದು ಕೆಲಸ ಮಾಡಿ ಹೋಗಬೇಕಿತ್ತು. ಬಾಡಿಗೆ ಅಗ್ಗವಾಗಿದ್ದದ್ದು ಈ ಕೆಲಸದಿಂದ. ಆಮೇಲೆ ಜನಕ್ಕೆ ಕಾರು ಬಂತು, ಅಗ್ಗದ ವಿಮಾನ ಬಂತು, ಖಾಸಗಿ ಹಾಸ್ಟೆಲ್‌ಗಳು ಬಂದವು. ಕೆಲಸದ ನಿಯಮ ಹೋಯಿತು, ದೊಡ್ಡ ಕೋಣೆ ಒಡೆದು ಕುಟುಂಬದ ಕೋಣೆಗಳಾದವು. ಜರ್ಮನಿಯ ಬವೇರಿಯಾದಲ್ಲಿ ವಯಸ್ಸು 26 ದಾಟಿದವರನ್ನು ಸೇರಿಸುವುದಿಲ್ಲ ಎಂಬ ಪಟ್ಟು 2005ರವರೆಗೂ ಇತ್ತು, ಅದೂ ಸಡಿಲವಾಯಿತು. ಇಂಗ್ಲೆಂಡ್‌ನಲ್ಲಿ 2001ರ ಕಾಲುಬಾಯಿ ಜ್ವರದಿಂದ ಹಳ್ಳಿಗಾಡೇ ಮುಚ್ಚಿದಾಗ ಸಂಘಕ್ಕೆ ಭಾರಿ ಪೆಟ್ಟು ಬಿತ್ತು. 2023ರಲ್ಲಿ ಮತ್ತೆ 20 ಹಾಸ್ಟೆಲ್ ಮಾರಾಟಕ್ಕೆ ಇಟ್ಟರು.

ನಮ್ಮಲ್ಲಿ 1945ರಲ್ಲಿ ಶಿಮ್ಲಾ ಹತ್ತಿರದ ತಾರಾದೇವಿಯಲ್ಲಿ ಮೊದಲ ಪ್ರಯತ್ನ, 1949ರಲ್ಲಿ ಮೈಸೂರಿನಲ್ಲಿ ಎರಡನೆಯದು. ಮುಂದೆ ಕೇಂದ್ರ ಸರ್ಕಾರವೂ ರಾಜ್ಯಗಳಿಂದ ಜಾಗ, ನೀರು, ರಸ್ತೆ ಪಡೆದು ಅಲ್ಲಲ್ಲಿ ಯುವ ವಸತಿಗೃಹ ಕಟ್ಟಿತು, ಮೈಸೂರಿನ ಗಂಗೋತ್ರಿ ಬಡಾವಣೆಯದು ಅಂಥದು. 2013ರಲ್ಲಿ ಜೋಧಪುರದಿಂದ ಝಾಸ್ಟೆಲ್ ಎಂಬ ಖಾಸಗಿ ಹಾಸ್ಟೆಲ್ ಸರಣಿ ಶುರುವಾದ ಮೇಲೆ ಹಾಸ್ಟೆಲ್ ಎಂದರೆ ಗೋಡೆಗೆ ಬಣ್ಣದ ಚಿತ್ರ, ವೈಫೈ, ಒಬ್ಬೊಬ್ಬರೇ ಬಂದು ಗೆಳೆಯರಾಗುವ ಜಾಗ ಎಂದಾಯಿತು. ನೀವು ನೋಡಿ ಬಂದದ್ದು ಇದರ ತಮ್ಮಂದಿರನ್ನು.

ಈಗ ನಿಮ್ಮ ಲೆಕ್ಕ. ಒಬ್ಬ ಆಳು, ಒಬ್ಬ ಅಡುಗೆಯವರು, ಕರೆಂಟು, ರಿಪೇರಿ ಸೇರಿ ತಿಂಗಳಿಗೆ 45,000 ರೂ. ಸ್ಥಿರ ಖರ್ಚು ಅಂತ ಹಿಡಿಯಿರಿ. ಹಾಸಿಗೆಗೆ 400 ರೂ. ಬಾಡಿಗೆ, ಅದರಲ್ಲಿ ಚಾದರ ತೊಳೆಯಲು, ನೀರಿಗೆ, ಸಾಬೂನಿಗೆ 90 ಹೋದರೆ ಉಳಿಯುವುದು 310. ಅಂದರೆ ತಿಂಗಳಿಗೆ 146 ಹಾಸಿಗೆ ತುಂಬಬೇಕು. ಶುಕ್ರವಾರ, ಶನಿವಾರ ರಾತ್ರಿ ಮಾತ್ರ ಜನ ಬರುತ್ತಾರೆ ಎಂದರೆ ತಿಂಗಳಿಗೆ ಎಂಟು ರಾತ್ರಿ. ಎಂಟೂ ರಾತ್ರಿ 16ಕ್ಕೆ 16 ತುಂಬಿದರೂ 128. ಮುಟ್ಟುವುದಿಲ್ಲ. ಹಂಪಿಯಲ್ಲಿ ಮಂಗಳವಾರವೂ ವಿದೇಶಿ ಹುಡುಗರು ಸಿಗುತ್ತಾರೆ, ಲಕ್ಕುಂಡಿಯಲ್ಲಿ ಸಿಗುವುದಿಲ್ಲ.

ವಾರದ ನಡುವೆ ನಿಮ್ಮ ಊರಿಗೆ ಬರುವವರು ಶಾಲಾ ಪ್ರವಾಸದವರು, ಅದರಲ್ಲೂ ಡಿಸೆಂಬರ್, ಜನವರಿಯಲ್ಲಿ. ಅವರದು ಬಸ್ಸು ತುಂಬ ಮಕ್ಕಳು. 16 ಹಾಸಿಗೆ ತೋರಿಸಿದರೆ ಮಾಸ್ತರರು ಹಿಂದಕ್ಕೆ ಹೋಗುತ್ತಾರೆ. ಆದ್ದರಿಂದ ನನ್ನ ಮಾತು: ಮಂಚ ಒಂದೇ ಖೋಲಿಗೆ ಹಾಕಿ. ಇನ್ನೊಂದು ಖೋಲಿ ಮತ್ತು ಪಡಸಾಲಿಯನ್ನು ನೆಲಹಾಸಿಗೆಗೆ ಬಿಡಿ. ತಲಾ ಎರಡೂವರೆ ಅಡಿ ಅಗಲ, ಆರೂವರೆ ಅಡಿ ಉದ್ದ. ಪಡಸಾಲಿಯ ಎರಡೂ ಉದ್ದಗೋಡೆಗೆ ತಲೆ ಮಾಡಿ ಮಲಗಿದರೆ ಸಾಲಿಗೆ 12, ಎರಡು ಸಾಲಿಗೆ 24, ನಡುವೆ ಮೂರು ಅಡಿ ಓಡಾಡಲು. ಖೋಲಿಯಲ್ಲಿ ಅಡ್ಡಕ್ಕೆ ಒಂದು ಸಾಲು, 6. ಮಂಚದ ಖೋಲಿಯ 8 ಕೂಡಿದರೆ 38. ಹೆಣ್ಣುಮಕ್ಕಳಿಗೆ ಎರಡು ಖೋಲಿ, ಹುಡುಗರಿಗೆ ಪಡಸಾಲಿ, ಇಲ್ಲವೇ ಲೆಕ್ಕ ನೋಡಿ ಅದಲುಬದಲು. ಇದು ಶಿರ್ಮನ್ ಮಾಸ್ತರರ ಹಾಸ್ಟೆಲ್. ಒಂಟಿ ಪ್ರವಾಸಿ ಬಂದರೆ ಮಂಚದ ಖೋಲಿ ಇದ್ದೇ ಇದೆ.


ಎರಿಹೊಲ

ಸೈಕಲ್ ಸಾಹೇಬ್ರು ಹೇಳಿದ ಲೆಕ್ಕ ಒಪ್ಪಿದೆ. ಆದ್ರ ಹಾಸಿಗಿ ಎಣಿಸೋಕಿಂತ ಮೊದಲ ಟೇಪ್ ಹಿಡ್ಕೊಂಡು ಮನಿ ಹೊರಗ ಹೋಗ್ರಿ. ಲಕ್ಕುಂಡಿ ಅಂದ್ರ ಅಡಿಗೊಂದು ಗುಡಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗ ಹೊಸಾ ಕಟ್ಟಡ ಕಟ್ಟಂಗಿಲ್ಲ. ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಕಟ್ಟಾಕ ಅನುಮತಿ ಬೇಕು. 100 ಮೀಟರ್ ಒಳಗ ಇದ್ದ ಮನಿ ರಿಪೇರಿ ಮಾಡಾಕೂ ಅನುಮತಿ ಬೇಕು. 2010ರ ತಿದ್ದುಪಡಿ ಆದಮ್ಯಾಲೆ ಇದು ಬಿಗಿ ಆಗೇತಿ. ಅಳತಿ ಗುಡಿ ಗ್ವಾಡಿಯಿಂದ ಅಲ್ರಿ, ಸಂರಕ್ಷಿತ ಜಾಗಾದ ಗಡಿಯಿಂದ. ಒಂದು ಗುಡಿಯಿಂದ ದೂರ ಐತಿ ಅಂತ ಬಿಡಬ್ಯಾಡ್ರಿ, ಸುತ್ತ ಇರೋ ಎಲ್ಲಾದರಿಂದ ಅಳೀರಿ. ಹಿತ್ತಲದಾಗ ಸಂಡಾಸ, ನೆಲತೊಟ್ಟಿ ಕಟ್ಟೋದು ಹೊಸಾ ಕಟ್ಟಡ ಅಂತನ ಲೆಕ್ಕ. ಹಿತ್ತಲ 100ರ ಒಳಗ ಬಿದ್ರ ಈ ಮನಿ ಬಿಡ್ರಿ, ಬ್ಯಾರೆ ನೋಡ್ರಿ.

ಇನ್ನ ಮನಿ ವಿಷಯ. ಮಾಳಿಗಿ ಮ್ಯಾಲೆ ಎಷ್ಟು ಮಣ್ಣು ಐತಿ ನೋಡ್ರಿ. ಸೋರಿದಂಗೆಲ್ಲಾ ನೀರು ತಡಿಯೋ ಕರ್ಲು ಮಣ್ಣು ಹಾಕ್ಕೋತ ಬಂದು ಕೆಲವು ಕಡೆ ಅದು ಒಂದೂಕಾಲು ಅಡಿ ಆಗಿರ್ತೈತಿ. ಒಂದು ಚದರ ಮೀಟರಿಗೆ 10 ಇಂಚು ಮಣ್ಣು ಅಂದ್ರ 400 ಕೆಜಿಗಿಂತ ಹೆಚ್ಚು ಭಾರ. ಅದರ ಮ್ಯಾಲೆ "ಸೋರಬಾರದು" ಅಂತ ನಾಲ್ಕು ಇಂಚು ಕಾಂಕ್ರೀಟ್ ಹಾಕಿದ್ರ ಇನ್ನೂ 250 ಕೆಜಿ. ತೊಲಿ ಮುರಿಯೋದು ಇಲ್ಲೇ. ಬರೋಬ್ಬರಿ ಕೆಲಸ ಅಂದ್ರ ಹಳೇ ಮಣ್ಣು ಪೂರ್ತಿ ಇಳಿಸಿ, ಜಂತಿ ಒಂದೊಂದು ಉಳಿಯಿಂದ ಚುಚ್ಚಿ ನೋಡಬೇಕು. ಗ್ವಾಡಿ ಒಳಗ ಹುದುಗಿದ ತುದಿ ಮೊದಲ ಗೆದ್ದಲಾ ಹಿಡಿಯೋದು, ನಡುವ ಗಟ್ಟಿ ಇದ್ರೂ ತುದಿ ಹಿಟ್ಟಾಗಿರ್ತೈತಿ. ಕೆಟ್ಟದ್ದು ಬದಲಿ ಮಾಡಿ, ಮ್ಯಾಲೆ ಮತ್ತ ಆರೇಳು ಇಂಚು ಮಣ್ಣು, ನೀರು ಹರಿಯಾಕ ಇಳಿಜಾರು, ಮ್ಯಾಲೆ ಕರ್ಲು. ವರ್ಷಾ ಮೇ ತಿಂಗಳದಾಗ, ಮುಂಗಾರು ಬರೋಕಿಂತ ಮೊದಲ, ಕರ್ಲು ಮುಟ್ಟಿಸಬೇಕು. ಸುಮ್ನ ಬಿಟ್ರ ಹುಲ್ಲು ಬೆಳಿತೈತಿ, ಬೇರಿನ ಗುಂಟ ನೀರು ಇಳಿತೈತಿ.

ನೀರಿನ ಟ್ಯಾಂಕು ಮಾಳಿಗಿ ಮ್ಯಾಲೆ ಇಡಬ್ಯಾಡ್ರಿ. ಸಾವಿರ ಲೀಟರ್ ಅಂದ್ರ ಒಂದು ಟನ್. ಹಿತ್ತಲದಾಗ ಬ್ಯಾರೆ ಬುನಾದಿ ಹಾಕಿ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸ್ರಿ.

ಮಂಚ. ಅಂಗಡ್ಯಾಗ ಸಿದ್ಧ ಸಿಗೋದು ತಗೋಬ್ಯಾಡ್ರಿ, ತೊಲಿಗೆ ತಲಿ ಬಡಿತೈತಿ. ಕೆಳಗಿನ ಹಾಸಿಗಿ ಚೌಕಟ್ಟು ನೆಲದಿಂದ 15 ಇಂಚು, ಗಾದಿ 4, ಅದರ ಮ್ಯಾಲೆ ಕುಂಡ್ರಾಕ 36 ಇಂಚು ಖಾಲಿ, ಮ್ಯಾಲಿನ ಚೌಕಟ್ಟು 3, ಗಾದಿ 4. ಕೂಡಿಸ್ರಿ, 62 ಇಂಚು. ಮ್ಯಾಲಿನವ ಎದ್ದು ಕುಂಡ್ರಾಕ ಮತ್ತ 36 ಅಂದ್ರ 98, ಅಂದ್ರ 8 ಅಡಿ 2 ಇಂಚು. ನಿಮ್ಮ ತೊಲಿ 8 ಅಡಿ 6 ಇಂಚು. ನಾಲ್ಕು ಇಂಚು ಉಳೀತು ಅಷ್ಟ. ಗಾದಿ ಆರು ಇಂಚಿಂದು ತಂದ್ರ ಎರಡೂ ಕೂಡಿ ಆ ನಾಲ್ಕು ಇಂಚೂ ಹೋತು. ತಲಿದಿಂಬು ಇರೋ ತುದಿ ತೊಲಿ ಕೆಳಗ ಬರದಂಗ, ಎರಡು ತೊಲಿ ನಡುವ ಬರೋಹಂಗ ಮಂಚ ಇಡ್ರಿ.

ಕಾಲಿಗೆ 2 ಇಂಚು ಚೌಕ ಪೈಪು, ಅಡ್ಡಕ್ಕ ಒಂದೂವರಿ ಇಂಚು, ಎರಡೂ 16 ಗೇಜ್. ತುದಿಗೆಲ್ಲಾ ಪ್ಲಾಸ್ಟಿಕ್ ಮುಚ್ಚಳ ಕಡ್ಡಾಯ, ಟೊಳ್ಳು ಪೈಪು ತಗಣಿ (ತಿಗಣೆ) ಮನಿ. ಬೋಲ್ಟಿಗೆ ನೈಲಾನ್ ಇರೋ ನಟ್ಟು ಹಾಕ್ರಿ, ಸಾದಾ ನಟ್ಟು ಮೂರು ತಿಂಗಳದಾಗ ಸಡಿಲಾಗಿ ರಾತ್ರಿಯೆಲ್ಲಾ ಕಿರ್ ಕಿರ್ ಅಂತೈತಿ. ಮ್ಯಾಲಿನ ಹಾಸಿಗಿಗೆ ನಾಲ್ಕೂ ಕಡೆ ತಡಿ ಇರಲಿ, ಗಾದಿಗಿಂತ ಕನಿಷ್ಠ ಆರು ಇಂಚು ಎತ್ತರ. ನಿಚ್ಚಣಿಕಿ ಮೆಟ್ಟಿಲು ದುಂಡ ಸರಳು ಬ್ಯಾಡ, ಬರಿಗಾಲಿಗೆ ಚುಚ್ಚತೈತಿ, ಚಪ್ಪಟಿ ಪಟ್ಟಿ ಹಾಕ್ರಿ. ಮಂಚ ಗ್ವಾಡಿಗೆ ಬೋಲ್ಟ್ ಮಾಡಾಕ ಹೋಗಬ್ಯಾಡ್ರಿ, ಮಣ್ಣಿನ ಗ್ವಾಡಿ ಬೋಲ್ಟ್ ಹಿಡಿಯಂಗಿಲ್ಲ, ಎಳದ್ರ ಹೆಂಟಿ ಸಮೇತ ಕಿತ್ತು ಬರ್ತೈತಿ. ಎರಡೆರಡು ಮಂಚ ಒಂದಕ್ಕೊಂದು ಕಟ್ಟಿ, ಕಾಲಿಗೆ ಅಗಲ ತಗಡು ಹಚ್ಚಿ ನಿಲ್ಲಿಸ್ರಿ. ಸೀಲಿಂಗ್ ಫ್ಯಾನ್ ತೆಗೀರಿ. ಮ್ಯಾಲೆ ಮಲಗಿದವ ನಿದ್ದಿಗಣ್ಣಾಗ ಕೈ ಎತ್ತಿದ್ರ ಬೆರಳು ಹೋತು. ಗ್ವಾಡಿ ಫ್ಯಾನ್ ಸಾಕು, ಗದಗಿನ ಗಾಳಿಗೆ ಕಿಡಕಿ ತೆಗೆದ್ರ ಅದೂ ಬೇಕಾಗಂಗಿಲ್ಲ.

ನೀರು. 16 ಮಂದಿಗೆ ತಲಾ 135 ಲೀಟರ್ ಅಂದ್ರ ದಿನಕ್ಕ 2,160. ಹತ್ತು ದಿವಸಕ್ಕ 21,600. 10 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಆಳದ ತೊಟ್ಟಿ 22,600 ಲೀಟರ್ ಹಿಡಿತೈತಿ, ಅಲ್ಲಿಗೆ ಸರಿ. ಶವರ್ ಹಾಕದ ಬಕೆಟ್ ಕೊಟ್ರ ತಲಾ 75ರಾಗ ಮುಗಿತೈತಿ, ಅದ ತೊಟ್ಟಿ ದಿನಕ್ಕ 30 ಮಂದಿಗೆ ಬರ್ತೈತಿ. ತೊಟ್ಟಿ ಕಲ್ಲಿಂದು ಕಟ್ಟಬ್ಯಾಡ್ರಿ. ಎರಿ (ಕಪ್ಪು) ಮಣ್ಣು ಮಳಿಗೆ ಉಬ್ಬತೈತಿ, ಬ್ಯಾಸಿಗಿಗೆ ಬಿರಿತೈತಿ, ಕಲ್ಲಿನ ಗ್ವಾಡಿ ಎರಡನೇ ವರ್ಷಕ್ಕ ಸೀಳ್ತೈತಿ. ಕಬ್ಬಿಣ ಹಾಕಿದ ಕಾಂಕ್ರೀಟ್ ಪೆಟ್ಟಿಗಿ ಮಾಡಿ ಸುತ್ತಲೂ ಒಂದು ಅಡಿ ಗರಸು (ಹರಳು ಮಣ್ಣು) ತುಂಬ್ರಿ.

ಸಂಡಾಸ ಎಷ್ಟು? ಮುಂಜಾನಿ ಆರರಿಂದ ಏಳೂವರಿ ತನಕ 90 ನಿಮಿಷ. 38 ಹುಡುಗೂರು, ತಲಾ 10 ನಿಮಿಷ ಅಂದ್ರ 380. ನಾಲ್ಕು ಸಂಡಾಸ ಸಾಲಂಗಿಲ್ಲ, ಐದು ಬೇಕು. ಹಲ್ಲು ತಿಕ್ಕಾಕ ಹೊರಗ ಉದ್ದನ ಕಟ್ಟಿ ಮಾಡಿ ಎರಡು ಅಡಿಗೊಂದರಂಗ ಎಂಟು ನಳ ಹಚ್ರಿ, ಇಲ್ಲಾಂದ್ರ ಹುಡುಗೂರು ಬಚ್ಚಲದಾಗ ನಿಂತು ಹಲ್ಲು ತಿಕ್ಕತಾವ, ಸಾಲು ಮುಂದ ಹೋಗಂಗಿಲ್ಲ. ಸೆಪ್ಟಿಕ್ ಟ್ಯಾಂಕ್ 50 ಮಂದಿಗೆ ಅಂತ 5 ಮೀಟರ್ ಉದ್ದ, 2 ಮೀಟರ್ ಅಗಲ, ನೀರಿನ ಆಳ 1 ಮೀಟರ್. ಎಲ್ಲಾರೂ ಎಡವೋದು ಅದರ ಮುಂದಿನ ಇಂಗು ಗುಂಡಿ ಒಳಗ. ಎರಿ ಮಣ್ಣು ನೀರು ಕುಡಿಯಂಗಿಲ್ಲ. ಆರು ಅಡಿ ತೋಡಿ ಕಲ್ಲು ತುಂಬಿ ಬಂದ್ರ ಮೊದಲ ಮಳಿಗೆ ತುಂಬಿ ಸಂಡಾಸ ಉಲ್ಟಾ ಹೊಡಿತೈತಿ. ಗರಸು ಹತ್ತೋ ತನಕ ತೋಡ್ರಿ. ಹತ್ತದಿದ್ರ ಆ ನೀರು ಬಾಳಿ, ಕ್ಯಾನಾ ಗಿಡಕ್ಕ ಹರಿಸೋ ದಾರಿ ನೋಡ್ರಿ.


ಬೆಟಗೇರಿ ಮಗ್ಗ

ಹಾಸಿಗೆ ಬಗ್ಗೆ ಯಾರೂ ಬರೆದಿಲ್ಲ. ಹಾಸ್ಟೆಲ್ ಮುಚ್ಚಿಸುವುದು ತೊಲಿಯಲ್ಲ, ತಗಣಿ. ಒಂದು ಫೋಟೊ ಮೊಬೈಲಿನಲ್ಲಿ ಓಡಾಡಿದರೆ ಮುಗಿಯಿತು.

ಕೌದಿ ಹಾಕಬೇಡಿ. ಗೊತ್ತು, ಎಲ್ಲರೂ "ನಮ್ಮ ಕಡೆಯ ಕೌದಿ, ಫೋಟೊಕ್ಕೆ ಚೆಂದ" ಅನ್ನುತ್ತಾರೆ. ಕೌದಿಯಲ್ಲಿ ಐದಾರು ಪದರ ಹಳೆ ಬಟ್ಟೆ, ಸಾವಿರಾರು ಹೊಲಿಗೆ. ಪ್ರತಿ ಗಿರಾಕಿಗೆ ತೊಳೆಯಲು ಆಗುವುದಿಲ್ಲ, ಒಣಗಲು ಎರಡು ದಿನ, ಪದರದೊಳಗೆ ತಗಣಿ ಮೊಟ್ಟೆ ಇಟ್ಟರೆ ದೇವರಿಗೂ ಕಾಣದು. ಗೋಡೆಗೆ ಒಂದು ತೂಗುಹಾಕಿ, ಸಾಕು. ಹತ್ತಿ ಗಾದಿಯೂ ಬೇಡ, ಅದನ್ನು ಹಿಂಜಿಸಿ ತುಂಬಿಸುವವರು ಈಗ ಎಲ್ಲಿದ್ದಾರೆ. 4 ಇಂಚು ಫೋಮ್, ಮೇಲೆ ಪೂರ್ತಿ ಜಿಪ್ ಇರುವ ರೆಕ್ಸಿನ್ ಗವಸು. ಗವಸು ತಿಳಿ ಬಣ್ಣದ್ದಿರಲಿ, ಕರಿ ಚುಕ್ಕೆ ಎದ್ದು ಕಾಣಬೇಕು.

ನೆಲಹಾಸಿಗೆಗೆ ಎರಡು ಇಂಚಿನ ಮಡಚುವ ಫೋಮ್, ಅದಕ್ಕೂ ರೆಕ್ಸಿನ್. ಕೆಳಗೆ ಜಮಖಾನ ಹಾಸಿ. ನವಲಗುಂದದ ಜಮಖಾನ ಬೆಲೆಯದು, ಮಕ್ಕಳು ಸಾರು ಚೆಲ್ಲುವ ಜಾಗಕ್ಕೆ ತರಬೇಡಿ, ಸಾದಾ ಪಟ್ಟೆ ಜಮಖಾನ ಸಾಕು. ಹಗಲು ಎತ್ತಿಟ್ಟು ಬಿಸಿಲಿಗೆ ಹಾಕಿ, ಆದರೆ ಬಿಸಿಲಿಗೆ ಹಾಕಿದರೆ ತಗಣಿ ಸಾಯುತ್ತದೆ ಅನ್ನುವುದು ಅರ್ಧ ಸತ್ಯ. ಅದು ನೆರಳಿನ ಮಗ್ಗುಲಿಗೆ ಸರಿದುಕೊಳ್ಳುತ್ತದೆ. 60 ಡಿಗ್ರಿ ನೀರಿನಲ್ಲಿ ಒಗೆಯುವುದು, ಒಗೆಯಲಾಗದ್ದಕ್ಕೆ ಹಬೆ ಯಂತ್ರದಿಂದ ಹೊಲಿಗೆಯ ಗುಂಟ ನಿಧಾನವಾಗಿ ಹಬೆ ಹಿಡಿಯುವುದು, ಇವೆರಡೇ ನಂಬಿಕೆಯವು. ಅಂಗಡಿಯ ಸ್ಪ್ರೇ ಹೊಡೆದರೆ ಅರ್ಧ ಸತ್ತು ಅರ್ಧ ಪಕ್ಕದ ಖೋಲಿಗೆ ಹೋಗುತ್ತವೆ. ಎಷ್ಟೋ ಕಡೆ ತಗಣಿಗೆ ಆ ಔಷಧಿ ಒಗ್ಗಿಯೂ ಹೋಗಿದೆ. ಖಾಲಿ ಬಿಟ್ಟರೆ ಹಸಿದು ಸಾಯುತ್ತವೆ ಅಂದುಕೊಳ್ಳಬೇಡಿ, ರಕ್ತವಿಲ್ಲದೆ ತಿಂಗಳುಗಟ್ಟಲೆ ಇರುತ್ತವೆ.

ಪ್ರತಿ ಸಲ ಹಾಸಿಗೆ ಖಾಲಿಯಾದಾಗ ಗಾದಿಯ ನಾಲ್ಕು ಮೂಲೆ, ಜಿಪ್ಪಿನ ತುದಿ, ಮಂಚದ ಬೋಲ್ಟಿನ ಸಂದು, ಇಷ್ಟನ್ನು ಟಾರ್ಚ್ ಹಿಡಿದು ನೋಡಬೇಕು. ಒಂದು ಹಾಸಿಗೆಗೆ ಎರಡು ನಿಮಿಷ. ಬ್ಯಾಗು ಹಾಸಿಗೆ ಮೇಲೆ ಇಡಬಾರದು ಎಂದು ಮೊದಲೇ ಹೇಳಿ, ತಗಣಿ ನಡೆದು ಬರುವುದಕ್ಕಿಂತ ಬ್ಯಾಗಿನಲ್ಲಿ ಬರುವುದೇ ಹೆಚ್ಚು.

ಹಳೆ ಯೂತ್ ಹಾಸ್ಟೆಲ್‌ಗಳಲ್ಲಿ ಒಂದು ಒಳ್ಳೆ ಪದ್ಧತಿ ಇತ್ತು, ಚಾದರದ ಚೀಲ. ಹಾಸಲು ಹೊದೆಯಲು ಎರಡೂ ಒಂದೇ, ಒಳಗೆ ತೂರಿಕೊಂಡು ಮಲಗುವುದು. ಹಾಸ್ಟೆಲಿನ ಕಂಬಳಿ ಮೈಗೆ ತಾಗದು, ದಿನವೂ ಕಂಬಳಿ ಒಗೆಯಬೇಕಿಲ್ಲ. ಪ್ರತಿಯೊಬ್ಬರೂ ತಮ್ಮದನ್ನು ತರುತ್ತಿದ್ದರು. ಈಗ ಎಷ್ಟೋ ಹಾಸ್ಟೆಲ್‌ಗಳು ಸ್ವಂತ ಸ್ಲೀಪಿಂಗ್ ಬ್ಯಾಗ್ ತರಬೇಡಿ ಎನ್ನುತ್ತವೆ, ಕಾರಣ ಅದೇ ತಗಣಿ. ನೀವೇ ಹೊಲಿಸಿ ಇಟ್ಟುಕೊಳ್ಳಿ. 36 ಇಂಚು ಪನ್ನದ ತೆಳು ಹತ್ತಿ ಬಟ್ಟೆ ಒಂದು ಚೀಲಕ್ಕೆ 5 ಮೀಟರ್. ಮೊದಲು ಒಗೆದು ಒಣಗಿಸಿ, ಹೊಸ ಬಟ್ಟೆ ಕುಗ್ಗುತ್ತದೆ. ಉದ್ದಕ್ಕೆ ಮಡಚಿ 7 ಅಡಿ ಚೀಲ ಮಾಡಿ, ಉಳಿದ ಬಟ್ಟೆಯನ್ನು ತಲೆಯ ಕಡೆ ಹೊರಳಿಸಿ ದಿಂಬು ತೂರುವ ಜೇಬು ಮಾಡಿ. ಒಂದು ಬದಿ ಪೂರ್ತಿ ಹೊಲಿಯಿರಿ, ಇನ್ನೊಂದು ಬದಿ ಮೇಲಿಂದ ಒಂದೂವರೆ ಅಡಿ ಬಿಡಿ, ಇಲ್ಲದಿದ್ದರೆ ದಪ್ಪ ಮೈಯವರು ಒಳಗೆ ಹೋಗುವಾಗ ಹರಿಯುತ್ತದೆ. ಹೊಲಿಗೆ ಮಡಚಿ ಹಾಕಿಸಿ, ಬರೀ ಅಂಚು ಬಿಟ್ಟರೆ ಇಪ್ಪತ್ತನೇ ಒಗೆತಕ್ಕೆ ನೂಲು ಬಿಡುತ್ತದೆ. 38 ಮಂದಿಗೆ 76 ಚೀಲ ಬೇಕು, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ.


ವಿದ್ಯಾಗಿರಿ

ಇಷ್ಟೆಲ್ಲ ತ್ರಾಸು ಯಾಕ್ರಿ? ಗದಗದಾಗ ಪಿಜಿ ಮಾಡ್ರಿ. ಪೊಲೀಸ್ ಪರೀಕ್ಷೆ, ಎಫ್‌ಡಿಎ ಅಂತ ಓದೋ ಹುಡುಗರು ತಿಂಗಳಿಗೆ ಮುಂಗಡ ಕೊಟ್ಟು ಕುಂಡ್ರತಾರ. ತಗಣಿ ಬಂದ್ರೂ ಓದ್ಕೋತ ಇರ್ತಾರ.


ಹಳೇಹುಬ್ಬಳ್ಳಿ ಸೈಕಲ್

ಹಣದ ದೃಷ್ಟಿಯಿಂದ ವಿದ್ಯಾಗಿರಿಯವರ ಮಾತು ತಪ್ಪಲ್ಲ. ಆದರೆ ಎರಡನ್ನೂ ಬೆರೆಸಬೇಡಿ. "ಮಂಚ ಖಾಲಿ ಇದೆಯಲ್ಲ, ನಾಲ್ಕು ಮಂದಿ ತಿಂಗಳಿಗೆ ಇರಲಿ" ಅಂತ ಶುರುವಾದರೆ ಮೂರನೇ ವಾರಕ್ಕೆ ಕಿಟಕಿಗೆ ಅವರ ಹಗ್ಗ, ಅಡುಗೆಮನೆಯಲ್ಲಿ ಅವರ ಡಬ್ಬಿ. ಅವರಿಗೆ ಓದಲು ಮೌನ ಬೇಕು, ಬಸ್ಸಿನ ಮಕ್ಕಳು ಗದ್ದಲವೇ. ಹಳೆ ಯೂತ್ ಹಾಸ್ಟೆಲ್‌ಗಳಲ್ಲಿ ಒಂದೇ ಕಡೆ ಮೂರು ರಾತ್ರಿಗಿಂತ ಹೆಚ್ಚು ಇರಗೊಡುತ್ತಿರಲಿಲ್ಲ, ಆ ನಿಯಮಕ್ಕೆ ಕಾರಣ ಇಂಥದೇ.

ಕಾಗದಪತ್ರ: ಗ್ರಾಮ ಪಂಚಾಯ್ತಿ ಪರವಾನಗಿ, ಊಟ ಹಾಕಿದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ. ಹೋಂಸ್ಟೇ ಅಂತ ಬರೆಸಲು ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು, ನಿಮ್ಮದು ಖಾಲಿ ಮನೆ, ಅದು ಹೊಂದುವುದಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ. ವಿದೇಶಿಯರು ಇಳಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತಿಳಿಸಬೇಕು, ಎಲ್ಲರೂ ಸಿ-ಫಾರಂ ಅನ್ನುವುದು ಅದನ್ನೇ. ಕಪ್ಪತಗುಡ್ಡಕ್ಕೆ ಗುಂಪು ಕಳಿಸುವುದಿದ್ದರೆ ಅದು 2019ರಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಮೊದಲು.

ಮಾಗಡಿ ಕೆರೆಯನ್ನು ಗದಗಿನಿಂದ ಸೈಕಲ್ ದಾರಿ ಎಂದು ಯೋಚಿಸಿ, 26 ಕಿಮೀ. ಅಲ್ಲಿಂದ 11 ಕಿಮೀ ಮುಂದೆ ಲಕ್ಷ್ಮೇಶ್ವರ, ಸೋಮೇಶ್ವರ ಗುಡಿ. ಪಟ್ಟೆತಲೆ ಹೆಬ್ಬಾತುಗಳು ನವೆಂಬರ್‌ನಿಂದ ಮಾರ್ಚ್‌ವರೆಗೆ ಇರುತ್ತವೆ, ಮೇಯಲು ಹೊಲಕ್ಕೆ ಹಾರುವುದನ್ನು ನೋಡಬೇಕೆಂದರೆ ನಸುಕಿಗೇ ಕೆರೆಯ ದಂಡೆಯಲ್ಲಿರಬೇಕು. ಲಕ್ಷ್ಮೇಶ್ವರದಲ್ಲಿ ಒಂದು ಶಾಲೆಯ ಎರಡು ಕೋಣೆ ದಸರಾ ರಜೆಯಲ್ಲಿ ಸಿಕ್ಕಿದರೆ ನಿಮಗೆ ಎರಡನೇ ಹಾಸ್ಟೆಲ್ ಸಿಕ್ಕಂತೆ, ಇಟ್ಟಿಗೆ ಒಂದೂ ಇಡದೆ.


ತೊಲಿಜಂತಿ, ಗದಗ

ಎಲ್ಲಾರಿಗೂ ಶರಣ್ರಿ. ಟೇಪ್ ಹಿಡಿದು ಅಳದ್ವಿ. ಹತ್ತಿರದ ಸ್ಮಾರಕದ ಬೇಲಿಯಿಂದ ಹಿತ್ತಲದ ಗಡಿ 170 ಮೀಟರ್, ಅಂದ್ರ ಅನುಮತಿ ತಗೊಂಡು ಕಟ್ಟಬಹುದು. ಮಂಚ ನಾಲ್ಕ ಮಾಡಸ್ತೀವಿ, ಉಳಿದದ್ದು ನೆಲಹಾಸಿಗಿ. ಮಗ್ಗದ ಅಕ್ಕಾರ, ಚೀಲ ಮೊದಲ 40 ಹೊಲಿಸಿ ನೋಡ್ತೀವ್ರಿ. ಒಂದು ಪ್ರಶ್ನೆ ಉಳದೈತಿ: ರಾತ್ರಿ ಕಾಯೋ ಮನುಷ್ಯಾ ಎಲ್ಲಿ ಮಲಗಬೇಕು? ತಲಬಾಗಿಲಿಗೆ ಒಳಗಿಂದ ಕೀಲಿ ಹಾಕಿ ಪಡಸಾಲ್ಯಾಗ ಮಲಗಿದ್ರ ಆಗತೈತೇನು?


ಎರಿಹೊಲ

ಕೀಲಿ ಬ್ಯಾಡ್ರಿ! ಮಾಳಿಗಿ ಮನಿಗೆ ದಾರಿ ಒಂದ ಇರ್ತೈತಿ, ಕಿಡಕಿಗೆ ಸರಳು, ಮ್ಯಾಲೆ ಬೆಳಕಿಂಡಿ ಅಷ್ಟ. ಅಡಗಿಮನ್ಯಾಗ ಬೆಂಕಿ ಹತ್ತಿದ್ರ 38 ಹುಡುಗೂರು ಕೀಲಿ ಹುಡುಕ್ಕೋತ ನಿಲ್ಲಬೇಕಾಗತೈತಿ. ತಲಬಾಗಿಲಕ್ಕ ಒಳಗಿನ ಅಗಳಿ ಮಾತ್ರ ಇರಲಿ, ಹತ್ತು ವರ್ಷದ ಹುಡುಗಿ ಒಂದ ಕೈಯಿಂದ ಸರಸೋ ಹಂಗ ಎಣ್ಣಿ ಹಚ್ಚಿ ಸಡಿಲ ಮಾಡ್ರಿ. ಹಿತ್ತಲ ಬಾಗಿಲಕ್ಕೂ ಹಂಗ. ಹಿತ್ತಲದಿಂದ ಓಣಿಗೆ ದಾರಿ ಇಲ್ಲಾಂದ್ರ ಕಂಪೌಂಡಿಗೆ ಒಂದು ಬಾಗಿಲ ಇಡ್ರಿ. ಗ್ಯಾಸ್ ಸಿಲಿಂಡರ್ ಹೊರಗ, ಪೈಪು ಒಳಗ. ಕಾಯೋ ಮನುಷ್ಯಾ ತಲಬಾಗಿಲ ಒಳಗಿನ ಕಟ್ಟಿ ಮ್ಯಾಲೆ ಮಲಗಲಿ, ಪಡಸಾಲ್ಯಾಗ ಬ್ಯಾಡ. ಹೆಣ್ಣುಮಕ್ಕಳ ಗುಂಪು ಬಂದ ದಿವಸ ಖೋಲಿ ಬಾಗಿಲಿನ ಮುಂದ ಅವರ ಟೀಚರ್ ಹಾಸಿಗಿ ಹಾಕ್ಕೋಬೇಕು, ಇದನ್ನ ಬುಕಿಂಗ್ ಮಾಡೋವಾಗ ಫೋನಿನ್ಯಾಗ ಹೇಳ್ರಿ, ಬಂದಮ್ಯಾಲೆ ಹೇಳಿದ್ರ ತಕರಾರು. ಖೋಲಿಯಿಂದ ಸಂಡಾಸಕ್ಕ ಹೋಗೋ ದಾರಿಗೆ ಮೊಣಕಾಲ ಎತ್ತರಕ್ಕ ಸಣ್ಣ ದೀಪ ಹಚ್ರಿ, ಇನ್ವರ್ಟರ್ ಮ್ಯಾಲೆ.